ಒಂಬತ್ತು ಗಂಟೆಯ ನಂತರ ಇಳಿಯುವ ಸೀಟು

ನನ್ನ ಸೈಕಲ್ಲಿನ ಸೀಟ್ ಪೈಪಿಗೆ ಒಂದು ತುಂಡು ಹಳದಿ ಇನ್ಸುಲೇಶನ್ ಟೇಪು ಸುತ್ತಿದೆ. ಕಪ್ಪು ಕಾರ್ಬನ್ ಸೈಕಲ್ಲಿಗೆ ಅದು ಒಪ್ಪುವುದೇ ಇಲ್ಲ. ಮದುವೆಯ ಸೂಟಿನ ಮೇಲೆ ಬ್ಯಾಂಡೇಜು ಹಚ್ಚಿದ ಹಾಗೆ ಕಾಣುತ್ತದೆ. ಇದೇಕೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಸೀಟಿನ ಎತ್ತರದ ಗುರುತು ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜ ಹೇಳಹೊರಟರೆ ಹಮೀದ್ ಕಾಕನಿಂದ ಶುರುಮಾಡಬೇಕು, ಅಲ್ಲಿಂದ ಆರ್ನೆಲ್ ಎಂಬ ಮೆಕ್ಯಾನಿಕನ ಬಳಿಗೆ ಹೋಗಬೇಕು, ನಡುವೆ ನನ್ನ ಮರ್ಯಾದೆ ಎಲ್ಲೆಲ್ಲಿ ಉದುರಿತು ಎನ್ನುವುದನ್ನೂ ತೋರಿಸಬೇಕು. ನಿಮಗೆ ಪುರುಸೊತ್ತಿದೆ ಎಂದುಕೊಂಡು ಹೇಳುತ್ತೇನೆ.

ಮೊದಲು ಚಳಿಗಾಲದ ಬಗ್ಗೆ ಒಂದು ತಕರಾರು ಇದೆ. ಕಾರ್ಬನ್ ರೋಡ್ ಬೈಕನ್ನು ಚಳಿಗಾಲದಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ. ಗೋಡೆಗೆ ನೇತುಹಾಕಿ, ಹೊರಗೆ ತೆಗೆಯಬೇಡಿ, ರಸ್ತೆಗೆ ಸುರಿದ ಉಪ್ಪು ತಾಗಿದರೆ ಕೆಟ್ಟಿತು, ಮಂಜುಗಡ್ಡೆಯ ಮೇಲೆ ಜಾರಿದರೆ ಇನ್ನೂ ಕೆಟ್ಟಿತು. ಈ ಜ್ಞಾನವನ್ನೆಲ್ಲ ಹಿಮ ಬೀಳುವ ಊರಿನವರು ಕೂತು ಬರೆದಿದ್ದಾರೆ. ಅವರ ಲೋಕದಲ್ಲಿ ಸೌದಿಯ ದಮ್ಮಾಮ್ ಇಲ್ಲ. ಇಲ್ಲಿ ಸೈಕಲ್ಲು ಗೋಡೆಯ ಮೇಲಿರುವುದು ಬೇಸಿಗೆಯಲ್ಲಿ. ಏಪ್ರಿಲ್ ಮುಗಿಯುವಾಗ ಹತ್ತಿದ್ದು ನವೆಂಬರಿನಲ್ಲಿ ಇಳಿಯುತ್ತದೆ. ಆಮೇಲಿನ ನಾಲ್ಕೈದು ತಿಂಗಳೇ ನಮ್ಮ ಬದುಕು. ಉಪ್ಪು ಇಲ್ಲಿಯೂ ಉಂಟು, ಆದರೆ ಅದನ್ನು ಯಾರೂ ಸುರಿಯಬೇಕಾಗಿಲ್ಲ. ಮುಂಜಾನೆಯ ಮಂಜಿನ ಜೊತೆ ಸಮುದ್ರವೇ ಕಳಿಸುತ್ತದೆ. ಅದರ ಮೇಲೆ ಗಾಳಿ ಗೋಧಿಹಿಟ್ಟಿನಷ್ಟು ನುಣ್ಣಗಿನ ಮರಳನ್ನು ಉದುರಿಸುತ್ತದೆ. ಹೀಗಾಗಿ ಪ್ರತಿ ಸವಾರಿಯ ನಂತರ ಒದ್ದೆ ಬಟ್ಟೆಯಲ್ಲಿ ಸೈಕಲ್ಲಿನ ಮೈಯೆಲ್ಲ ಒರೆಸಬೇಕು, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಬೇಕು. ಅಮ್ಮ ಇದನ್ನು ವೀಡಿಯೋ ಕಾಲಿನಲ್ಲಿ ನೋಡಿ, "ಊರಲ್ಲಿ ಒಂದು ದಿನ ಆದ್ರೂ ನೀನು ನಿನ್ನ ತಟ್ಟೆ ತೊಳೆದದ್ದು ನೆನಪಿಲ್ಲ ನಂಗೆ" ಎಂದಿದ್ದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅಪರೂಪದ ಸಂಗತಿ.

ಯಾಕೆಂದರೆ ಉತ್ತರ ಕೊಡುವುದು ನನ್ನ ಹುಟ್ಟುಚಟ. ಶಿರ್ವದ ಹತ್ತಿರದ ನಮ್ಮ ಶಾಲೆಯಲ್ಲಿ ಆರನೇ ಕ್ಲಾಸಿನಲ್ಲಿದ್ದಾಗ, ಟಿವಿಯಿಂದ ಒಳಿತೋ ಕೆಡುಕೋ ಎಂಬ ಚರ್ಚೆಯಲ್ಲಿ ಕೆಡುಕೆಂದು ಮಾತಾಡಿ ಬಹುಮಾನವಾಗಿ ಸ್ಟೀಲಿನ ಟಿಫಿನ್ ಡಬ್ಬಿ ತಂದೆ. ಮರುವಾರ ಪಕ್ಕದ ಶಾಲೆಯಲ್ಲಿ ಒಳಿತೆಂದು ವಾದಿಸಿ ಅದಕ್ಕೆ ಜೋಡಿಯಾಗುವ ನೀರಿನ ಲೋಟ ತಂದೆ. ಇಷ್ಟು ಸುಲಭವೆಂದಾದರೆ ಲೋಕದಲ್ಲಿ ಯಾವ ಮಾತನ್ನೂ ನಂಬಬಾರದು ಎಂದು ಅಂದೇ ತೀರ್ಮಾನಿಸಿದೆ. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಕೂಟದ ತರಬೇತಿ ಸಿಕ್ಕಿದ ಮೇಲೆ ಚಟ ಉಲ್ಬಣಿಸಿತು. ಯಾರು ಏನೇ ಹೇಳಲಿ, ನನ್ನ ಬಾಯಿಂದ ಮೊದಲು ಬೀಳುವ ಮಾತು, "ಆಧಾರ ಏನು?" ಜ್ವರ ಬಂದಿದೆ ಅಂದರೂ ಇದೇ, ಊಟ ರೆಡಿ ಅಂದರೂ ಇದೇ. ಈಗಿನ ಉದ್ಯೋಗವೂ ಹಾಗೆಯೇ ಒದಗಿತು: ತೈಲ ಕಂಪನಿಗಳಿಗೆ ಬೇಕಾಗುವ ಪೈಪುಗಳ ಬೆಸುಗೆ ಸರಿಯಾಗಿದೆಯೋ ಎಂದು ಪರೀಕ್ಷಿಸುವುದು. ಅಂದರೆ, ಅನುಮಾನ ಪಡುವುದಕ್ಕೆ ಸಂಬಳ.

ಹಮೀದ್ ಕಾಕ ನನ್ನ ರೂಮ್‌ಮೇಟ್. ವಿಟ್ಲದ ಕಡೆಯವರು, ಒಂದು ಟ್ರೇಡಿಂಗ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ನಾನು ಹುಟ್ಟುವ ಮೊದಲೇ ದಮ್ಮಾಮಿಗೆ ಬಂದವರು. ಅವರ ಬ್ಯಾರಿ ಭಾಷೆ ನನಗೆ ಬಾರದು, ನನ್ನ ಕೊಂಕಣಿ ಅವರಿಗೆ ಬಾರದು. ಹಾಗಾಗಿ ಮನೆಯಲ್ಲಿ ಕನ್ನಡ, ಜಗಳಕ್ಕೆ ಮಾತ್ರ ತುಳು. ಖುಷಿಯಲ್ಲಿದ್ದರೆ ಅವರು ನನ್ನನ್ನು 'ಮೋನೆ' ಎನ್ನುತ್ತಾರೆ, ಅಂದರೆ ಮಗನೇ. ಕಾಲೆಳೆಯುವಾಗ 'ಪೊರ್ಬು' ಎನ್ನುತ್ತಾರೆ. ನಮ್ಮ ಕಡೆ ಕ್ರಿಶ್ಚಿಯನ್ನರಿಗೆ ಇಟ್ಟ ಹೆಸರು ಅದು. ಹುಡುಗರಾಗಿದ್ದಾಗ ವಿಟ್ಲದ ಒಂದು ಸೈಕಲ್ ಶಾಪಿನಲ್ಲಿ ಐದು ವರ್ಷ ಕೆಲಸ ಮಾಡಿದ್ದರಂತೆ. ನಾನು ಸೈಕಲ್ಲನ್ನು ಮೊದಲ ಸಲ ಲಿಫ್ಟಿನಲ್ಲಿ ಏರಿಸಿ ಮನೆಗೆ ತಂದ ದಿನ, ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಬೆರಳ ಗೆಣ್ಣಿನಿಂದ ಫ್ರೇಮನ್ನು ಕುಟ್ಟಿ ನೋಡಿದರು.

"ಪ್ಲಾಸ್ಟಿಕ್ ಅಲ್ವಾ ಇದು?"

"ಕಾರ್ಬನ್, ಕಾಕ."

"ಸೌಂಡು ಪ್ಲಾಸ್ಟಿಕ್‌ದು ಬರ್ತದೆ. ಸ್ಟ್ಯಾಂಡ್ ಎಲ್ಲುಂಟು?"

"ಸ್ಟ್ಯಾಂಡ್ ಇರೋದಿಲ್ಲ."

"ಬೆಲ್ಲು? ಮಡ್‌ಗಾರ್ಡು? ಕ್ಯಾರಿಯರು?" ಒಂದೊಂದಕ್ಕೂ ನಾನು ತಲೆಯಾಡಿಸುತ್ತ ಹೋದೆ. ಅವರು ನಿಟ್ಟುಸಿರು ಬಿಟ್ಟರು. "ಪಾಪ ಮಾರಾಯ. ನಿಂಗೆ ಸಾಮಾನು ಕಡಿಮೆ ಕೊಟ್ಟಿದ್ದಾನೆ ಅವ."

ಅವರಿಗೆ ಅತ್ಯಂತ ನೋವಾದದ್ದು ಚೈನಿನ ವಿಷಯದಲ್ಲಿ. ಎಣ್ಣೆ ಹಾಕಿದ ಚೈನಿಗೆ ಇಲ್ಲಿಯ ಮರಳು ಅಂಟಿಕೊಂಡು ಹಲ್ಲುಗಳನ್ನು ಅರೆದುಬಿಡುತ್ತದೆ. ಅದಕ್ಕೆ ನಾವು ಎಣ್ಣೆ ಬಿಟ್ಟು ಮೇಣ ಬಳಸುತ್ತೇವೆ. ಚೈನನ್ನು ಬಿಚ್ಚಿ, ಕರಗಿದ ಮೇಣದಲ್ಲಿ ಮುಳುಗಿಸಿ, ಎತ್ತಿ ಒಣಗಿಸಬೇಕು. ಇದಕ್ಕಾಗಿ ನಾನು ಒಂದು ಹಳೆಯ ರೈಸ್ ಕುಕ್ಕರ್ ಇಟ್ಟುಕೊಂಡಿದ್ದೇನೆ. ಒಂದು ಮಧ್ಯಾಹ್ನ ಕಾಕ ಕೆಲಸದಿಂದ ಹಸಿದು ಬಂದು, ಕುಕ್ಕರಿನ ದೀಪ ಉರಿಯುವುದನ್ನು ಕಂಡು, ತಟ್ಟೆ ಹಿಡಿದುಕೊಂಡೇ ಮುಚ್ಚಳ ತೆಗೆದರು. ಒಳಗೆ ಇಣುಕಿ, ತಟ್ಟೆಯನ್ನು ಮತ್ತೆ ಕಪಾಟಿನಲ್ಲಿಟ್ಟರು.

"ಐದು ವರ್ಷ ಶಾಪಲ್ಲಿ ಇದ್ದೆ ನಾನು," ಎಂದರು. "ಚೈನ್ ಬೇಯಿಸಿದ್ದು ನೋಡ್ಲಿಲ್ಲ."

ಎಣ್ಣೆ ಅಂದಾಗ ನೆನಪಾಯಿತು. ನನ್ನ ಮೊದಲ ಸೈಕಲ್ಲು ಕೆಂಪು ಬಣ್ಣದ್ದು, ಚಿಕ್ಕಪ್ಪನ ಮಗ ಬಿಟ್ಟದ್ದು. ಶಾಲೆ ಶುರುವಾಗುವ ಮುಂಚೆ, ಪ್ರತಿ ಜೂನಿನಲ್ಲಿ, ಅಪ್ಪ ಅದರ ಸೀಟನ್ನು ಪೈಪು ಸಮೇತ ಹೊರಗೆಳೆದು, ತುಕ್ಕು ಒರೆಸಿ, ತೆಂಗಿನೆಣ್ಣೆ ಸವರಿ ಮತ್ತೆ ಕೂರಿಸುತ್ತಿದ್ದರು. ಸವರದಿದ್ದರೆ ಕಬ್ಬಿಣದ ಪೈಪು ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೇ ಕಚ್ಚಿಕೊಳ್ಳುತ್ತದೆ, ಮತ್ತೆ ಸುತ್ತಿಗೆಯೇ ಗತಿ. ಅಮ್ಮ ಅದಕ್ಕೆ ಹೊಸ ಎಣ್ಣೆ ಕೊಡುತ್ತಿರಲಿಲ್ಲ, ಬಂಗುಡೆ ಹುರಿದು ಉಳಿದದ್ದನ್ನು ಕೊಡುತ್ತಿದ್ದರು. ಹೀಗಾಗಿ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನದರ ಕೆಳಗೆ ಯಾವಾಗಲೂ ಎರಡು ಬೆಕ್ಕು. ಅವುಗಳ ಮುಖದಲ್ಲಿ ಬೇಸರವಿದ್ದರೂ ನಂಬಿಕೆ ಇತ್ತು.

ಇರಲಿ. ಕಳೆದ ಡಿಸೆಂಬರಿನಲ್ಲಿ ನಾನು ಕ್ರಿಸ್ಮಸ್ಸಿಗೆಂದು ಎರಡು ವಾರ ಊರಿಗೆ ಹೊರಟೆ. ಹೊರಡುವ ಮುಂಚೆ ಸೈಕಲ್ಲನ್ನು ಪಕ್ಕದ ಅಲ್ ಖೋಬರಿನ ಒಂದು ಅಂಗಡಿಗೆ ಸರ್ವಿಸಿಗೆ ಕೊಟ್ಟೆ. ಅಲ್ಲಿ ಆರ್ನೆಲ್ ಎಂಬ ಫಿಲಿಪೀನ್ಸಿನ ಮೆಕ್ಯಾನಿಕ್ ಇದ್ದಾನೆ. ಸಣ್ಣ ಆಳು, ಮಾತು ಇನ್ನೂ ಸಣ್ಣದು. ಅವನ ಇಂಗ್ಲಿಷು, ನನ್ನ ಇಂಗ್ಲಿಷು, ತೊಡಕಾದಲ್ಲಿ ಸ್ವಲ್ಪ ಅರಬ್ಬಿ. ಕಾರ್ಬನ್ ಸೀಟ್ ಪೈಪನ್ನು ಕಬ್ಬಿಣದ ಹಾಗೆ ಸಿಕ್ಕಾಪಟ್ಟೆ ಬಿಗಿಯುವಂತಿಲ್ಲ, ಸೀಳಿಬಿಡುತ್ತದೆ. ಅದಕ್ಕೆ ಅವನು ಮರಳು ಮರಳಾದ ಒಂದು ಪೇಸ್ಟನ್ನು ಸವರಿ, ಅದರ ಹಿಡಿತದ ಮೇಲೆ ನಂಬಿಕೆಯಿಟ್ಟು, ಅಳತೆಯ ಸ್ಪ್ಯಾನರಿನಲ್ಲಿ ಹದವಾಗಿ ತಿರುಗಿಸುತ್ತಾನೆ. ಸಾಕಾದಾಗ ಸ್ಪ್ಯಾನರು 'ಟಕ್' ಎನ್ನುತ್ತದೆ. ಆ ಸದ್ದು ಕೇಳಿದಾಗ ಆರ್ನೆಲ್ ಒಮ್ಮೆ ಕಣ್ಣು ಮುಚ್ಚುತ್ತಾನೆ, ಒಳ್ಳೆಯ ಹಾಡಿನ ಸಾಲು ಕೇಳಿದವರ ಹಾಗೆ.

ಸರ್ವಿಸಾದ ಸೈಕಲ್ಲನ್ನು ಮನೆಗೆ ತಂದಿಟ್ಟು ಹೊರಟೆ. ನಾನು ಊರಲ್ಲಿದ್ದಷ್ಟು ದಿನವೂ ಕಾಕ ಸೈಕಲ್ಲಿನ ಫೋಟೋ ಕಳಿಸುತ್ತಿದ್ದರು. ಬೆಡ್‌ಶೀಟು ಹೊದ್ದ ಸೈಕಲ್ಲು, ಕಿಟಕಿ ಪಕ್ಕದ ಸೈಕಲ್ಲು. ಕೆಳಗೆ ಒಂದು ಸಾಲು: "ಆರಾಮ ಉಂಟು."

ಬಂದ ಮೇಲೆ ಮೊದಲ ಶುಕ್ರವಾರ ನಮ್ಮ ಸವಾರಿಯ ತಂಡ ಹಾಫ್ ಮೂನ್ ಬೀಚಿನ ಕಡೆ ಹೊರಟಿತು. ತಂಡದ ನಾಯಕ ವಿಲ್ಲಿ ಅಂಕಲ್, ಉಡುಪಿಯವರು, ಅರುವತ್ತರ ಹತ್ತಿರ. ಬೆಳಗ್ಗೆ ಆರಕ್ಕೆ ಬೆರಳು ಮರಗಟ್ಟುವ ಚಳಿ, ಎಲ್ಲವೂ ಸೊಗಸಾಗಿತ್ತು. ಸುಮಾರು ಒಂಬತ್ತರ ಹೊತ್ತಿಗೆ, ಬಿಸಿಲು ಬೆನ್ನಿಗೆ ಹಿತವಾಗಿ ತಾಗತೊಡಗಿದಾಗ, ನನ್ನ ಮಂಡಿಗಳು ಎದೆಗೆ ಹತ್ತಿರವಾಗುತ್ತಿವೆ ಅನ್ನಿಸಿತು. ಮತ್ತೂ ಸ್ವಲ್ಪ ದೂರ ಹೋದ ಮೇಲೆ ವಿಲ್ಲಿ ಅಂಕಲ್ ಪಕ್ಕಕ್ಕೆ ಬಂದು ಮೇಲಿಂದ ಕೆಳಗೆ ನೋಡಿದರು.

"ಎಂತ ರೋಶನ್, ಊರಿಗೆ ಹೋಗಿ ಗಿಡ್ಡ ಆಗಿ ಬಂದದ್ದಾ?"

ಇಳಿದು ನೋಡಿದರೆ ಸೀಟು ಮೂರು ಬೆರಳು ಕೆಳಗಿಳಿದಿತ್ತು. ಎತ್ತರಿಸಿ ಬಿಗಿದೆ. ಮುಂದಿನ ಶುಕ್ರವಾರ ಮತ್ತೆ ಅದೇ: ಆರರಿಂದ ಒಂಬತ್ತರವರೆಗೆ ನಾನು ಐದೂವರೆ ಅಡಿ ಮನುಷ್ಯ, ಆಮೇಲೆ ಸರ್ಕಸ್ಸಿನ ಕರಡಿ.

ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ಬೇಸರಪಡುತ್ತಾನೆ. ನಾನು ಉತ್ಸಾಹಗೊಂಡೆ. ಊರಿಗೆ ಹೋಗುವ ಮುಂಚೆ ಸರಿಯಿದ್ದ ಸೀಟು ಬಂದ ಮೇಲೆ ಇಳಿಯುತ್ತಿದೆ. ನಡುವೆ ಅದನ್ನು ಮುಟ್ಟಿದವನು ಆರ್ನೆಲ್ ಒಬ್ಬನೇ. ಬೋಲ್ಟು ಕೂದಲೆಳೆಯಷ್ಟು ಸಡಿಲ ಬಿಟ್ಟಿದ್ದಾನೆ. ಮೂರು ಗಂಟೆಯ ಕುಲುಕಾಟ ಕೂಡಿ ಕೂಡಿ ಒಂಬತ್ತಕ್ಕೆ ಸರಿಯಾಗಿ ಅದು ಸೋಲುತ್ತದೆ. ಆರು ಅಂಶಗಳಲ್ಲಿ, ಫೋಟೋ ಸಹಿತ, ತಂಡದ ವಾಟ್ಸ್ಯಾಪ್ ಗುಂಪಿಗೆ ಬರೆದು ಹಾಕಿದೆ. ಅದನ್ನೇ ಅಂಗಡಿಗೂ ಕಳಿಸಿದೆ. ಅತ್ಯಂತ ಚೂಪಾದ ಅಂಶವನ್ನು ಕೊನೆಗೆ ಇಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ನನ್ನ ಆರನೆಯ ಅಂಶ ಹೀಗಿತ್ತು: "ಇಂಥ ಕೈಗೆ ಇನ್ನೊಬ್ಬರ ಪ್ರಾಣವನ್ನು ಒಪ್ಪಿಸಬಹುದೇ?" ಹದಿನಾಲ್ಕು ಹೆಬ್ಬೆರಳುಗಳು ಬಂದವು.

ಮರುದಿನ ಅಂಗಡಿಗೆ ಹೋದಾಗ ಆರ್ನೆಲ್ ತನ್ನ ಜಾಗದಲ್ಲಿರಲಿಲ್ಲ. ಮುಂದುಗಡೆ, ಮಕ್ಕಳ ಸೈಕಲ್ಲುಗಳ ನಡುವೆ, ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು ಗುಲಾಬಿ ಬಣ್ಣದ ಬುಟ್ಟಿ ಜೋಡಿಸುತ್ತಿದ್ದ. ಅಂಗಡಿಯ ಮುದೀರ್, ಅಂದರೆ ಮ್ಯಾನೇಜರು, ನನ್ನ ಭುಜ ತಟ್ಟಿ, "ಇವನನ್ನು ರೋಡ್ ಬೈಕಿನಿಂದ ತೆಗೆದಿದ್ದೇನೆ. ಮುಂದಿನ ತಿಂಗಳು ಇವನ ಕಾಂಟ್ರ್ಯಾಕ್ಟು ಮುಗಿಯುತ್ತದೆ, ಆಮೇಲೆ ಇಟ್ಟುಕೊಳ್ಳುವುದೋ ಬೇಡವೋ ನೋಡೋಣ" ಎಂದರು, ನನಗೇನೋ ಉಡುಗೊರೆ ಕೊಡುವವರ ಹಾಗೆ.

ಆರ್ನೆಲ್ ತಲೆಯೆತ್ತಿದ. "ಸರ್, ನಾನು ಬಿಗಿ ಮಾಡಿದ್ದೆ. ಟಕ್ ಅಂದಿತ್ತು."

ನಾನು ಕೇಳಿದೆ, "ಆಧಾರ?"

ಅವನು ಬುಟ್ಟಿಯ ಸ್ಕ್ರೂ ತಿರುಗಿಸತೊಡಗಿದ. ಗೆದ್ದೆ ಎಂದುಕೊಂಡೆ. ಆದರೆ ಟಿಫಿನ್ ಡಬ್ಬಿ ಸಿಕ್ಕ ಹಾಗೆ ಅನ್ನಿಸಲಿಲ್ಲ.

ಬೇರೊಬ್ಬ ಮೆಕ್ಯಾನಿಕ್ ಬೋಲ್ಟನ್ನು ನನ್ನ ಕಣ್ಣೆದುರೇ ಬಿಗಿದು ಕೊಟ್ಟ. ಶುಕ್ರವಾರ ಒಂಬತ್ತಕ್ಕೆ ಸೀಟು ಮತ್ತೆ ಇಳಿಯಿತು. ಇಷ್ಟಾದ ಮೇಲೆ ಯಾವ ಪ್ರಾಮಾಣಿಕನಾದರೂ ತನ್ನ ಸಿದ್ಧಾಂತವನ್ನು ಅನುಮಾನಿಸಬೇಕಿತ್ತು. ನಾನು ಎಲ್ಲರ ಮಾತನ್ನೂ ಅನುಮಾನಿಸಬಲ್ಲೆ, ನನ್ನದೊಂದು ಬಿಟ್ಟು. ಆರ್ನೆಲ್ ಬೋಲ್ಟು ಮಾತ್ರವಲ್ಲ, ಪೈಪನ್ನು ಹಿಡಿಯುವ ಕ್ಲಾಂಪನ್ನೇ ಹಾಳುಮಾಡಿದ್ದಾನೆ ಎಂದು ಏಳನೆಯ ಅಂಶವನ್ನು ಬರೆಯಲು ಕೂತೆ.

ಬರೆಯುವುದರೊಳಗೆ ಶನಿವಾರದ ಬೆಳಗಾಯಿತು. ಅಡುಗೆಮನೆಯಲ್ಲಿ ಡಬಡಬ ಸದ್ದು. ಕಾಕ ತೆಂಗಿನೆಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿ ಅದರ ತಳಕ್ಕೆ ಬಡಿಯುತ್ತಿದ್ದರು. ಒಳಗೆ ಎಣ್ಣೆ ಮೇಣದಬತ್ತಿಯ ಹಾಗೆ ಬೆಳ್ಳಗೆ ಗಟ್ಟಿ.

"ಊರಲ್ಲಿ ಯಾವತ್ತಾದ್ರೂ ಹೀಗೆ ಕಲ್ಲಾಗ್ತದಾ ಮಾರಾಯ? ಇಲ್ಲಿ ಜನವರಿ ಬಂದ್ರೆ ಎಣ್ಣೆಗೂ ಸ್ವೆಟರ್ ಬೇಕು," ಎನ್ನುತ್ತ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿದರು.

ನಾನು ಚಹಾ ಹಿಡಿದು ಸುಮ್ಮನೆ ನೋಡುತ್ತಿದ್ದೆ. ಬಾಟಲಿಯ ಗೋಡೆಗೆ ಅಂಟಿದ ಎಣ್ಣೆ ಮೊದಲು ಕರಗಿತು. ನಡುವಿನ ಬಿಳಿ ಗಡ್ಡೆ ಒಂದು ಕ್ಷಣ ಅಲ್ಲೇ ನಿಂತಿತ್ತು. ಆಮೇಲೆ, ಯಾವ ಸದ್ದೂ ಇಲ್ಲದೆ, ನಯವಾಗಿ, ಮೂರು ಬೆರಳು ಕೆಳಗಿಳಿಯಿತು.

ಆ ಇಳಿತ ನನ್ನ ತಲೆಗಿಂತ ಮೊದಲು ಮಂಡಿಗಳಿಗೆ ಗೊತ್ತಾಯಿತು. ಚಹಾ ಅಲ್ಲೇ ಇಟ್ಟು ಹೋಗಿ ಸೀಟ್ ಪೈಪನ್ನು ಹೊರಗೆಳೆದೆ. ಪೈಪಿನ ಕೆಳತುದಿಗೆ ತೆಳ್ಳಗೆ ಬಿಳಿ ಲೇಪ ಅಂಟಿತ್ತು. ಮೂಗಿಗೆ ಹಿಡಿದೆ. ಬಂಗುಡೆ ಒಂದು ಕಡಿಮೆ, ಉಳಿದದ್ದೆಲ್ಲ ಜೂನ್ ತಿಂಗಳ ನಮ್ಮ ಮನೆಯ ಅಂಗಳ.

"ಕಾಕ," ಎಂದೆ ನಿಧಾನಕ್ಕೆ, "ನಾನು ಊರಿಗೆ ಹೋದಾಗ ಸೈಕಲ್ಲಿಗೆ ಎಣ್ಣೆ ಏನಾದ್ರೂ ಹಾಕಿದ್ರಾ?"

ಅವರ ಮುಖ ಅರಳಿತು. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರ ಹಾಗೆ ಅಡುಗೆಮನೆಯಿಂದ ಈಚೆ ಬಂದರು. "ಮತ್ತೆಂತ? ಚೈನು ನಾನು ಮುಟ್ಲಿಲ್ಲ, ನೀನು ಬೇಯಿಸಿ ಇಟ್ಟದ್ದಲ್ವಾ. ಸೀಟಿನ ಪೈಪು ಮಾತ್ರ ತೆಗ್ದೆ. ಒಳಗೆ ನೋಡಿದ್ರೆ ಪೂರ್ತಿ ಮರಳು ಮೋನೆ, ಕರಕರ ಅಂತದೆ. ಯಾರೂ ಕ್ಲೀನ್ ಮಾಡ್ಲಿಲ್ಲ ಅದನ್ನು. ಚೆಂದ ಒರೆಸಿ, ನಾಲ್ಕು ಬೊಟ್ಟು ಎಣ್ಣೆ ಸವರಿ, ಮೊದ್ಲು ಎಲ್ಲಿತ್ತೋ ಅಲ್ಲೇ ಇಟ್ಟೆ. ಸಮುದ್ರದ ಗಾಳಿ ಅಲ್ವಾ, ಕಚ್ಚಿದ್ರೆ ಮತ್ತೆ ಬಿಡ್ಲಿಕ್ಕಿಲ್ಲ."

ಕಾಕ ಒರೆಸಿ ತೆಗೆದದ್ದು ಆರ್ನೆಲ್ ಸವರಿದ್ದ ಆ ಪೇಸ್ಟನ್ನು. ಕಾರ್ಬನ್ನನ್ನು ಹಿಡಿದಿಡುತ್ತಿದ್ದದ್ದು ಆ ಮರಳೊಂದೇ. ನಸುಕಿನ ಚಳಿಯಲ್ಲಿ ಗಟ್ಟಿಯಾಗಿ ಹಿಡಿಯುತ್ತಿದ್ದ ಎಣ್ಣೆ, ಕಪ್ಪು ಫ್ರೇಮು ಬಿಸಿಲಿಗೆ ಕಾದಾಗ ನೀರಾಗುತ್ತಿತ್ತು.

"ಯಾಕೆ, ಎಂತಾದ್ರೂ ತೊಂದ್ರೆ ಆಯ್ತಾ?" ಕಾಕ ಕೇಳಿದರು.

ನನ್ನ ಬಳಿ ಎಲ್ಲವೂ ಇತ್ತು: ವಸ್ತು, ವಾಸನೆ, ತಪ್ಪೊಪ್ಪಿಗೆ. ಇಷ್ಟು ಅಚ್ಚುಕಟ್ಟಾದ ಆಧಾರ ನನಗೆ ಯಾವ ಚರ್ಚೆಯಲ್ಲೂ ಸಿಕ್ಕಿರಲಿಲ್ಲ. ಆದರೆ ಎದುರಿಗೆ ನಿಂತಿದ್ದದ್ದು, ನಲವತ್ತು ವರ್ಷ ಯಾರೂ ಕೇಳದ ಒಂದು ವಿದ್ಯೆಯನ್ನು ನನ್ನ ಸೈಕಲ್ಲಿಗಾಗಿ ಹೊರತೆಗೆದ ಮನುಷ್ಯ.

"ಇಲ್ಲ ಕಾಕ," ಎಂದೆ. "ಒಳ್ಳೇದಾಯ್ತು."

ಆದರೆ ಅಲ್ಲಿ ಗುಲಾಬಿ ಬುಟ್ಟಿಗಳ ನಡುವೆ ಇನ್ನೊಬ್ಬ ಕೂತಿದ್ದನಲ್ಲ. ಅವನ ಕಾಂಟ್ರ್ಯಾಕ್ಟು ಮುಗಿಯುತ್ತ ಬಂದಿತ್ತು. ನಿಜ ಹೇಳಿದರೆ ವಿಷಯ ವಿಲ್ಲಿ ಅಂಕಲ್ ಮೂಲಕ ಅಂದೇ ಕಾಕನ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ಆರ್ನೆಲ್ ಮನೆಗೆ ಹೋಗುತ್ತಾನೆ. ಎರಡೂ ಪಕ್ಷದಲ್ಲಿ ನಿಂತು ವಾದಿಸಿ ನೋಡಿದೆ. ಖೋಬರ್ ತಲುಪುವವರೆಗೂ, ಶೇರ್ ಟ್ಯಾಕ್ಸಿಯಲ್ಲಿ, ಸೀಟ್ ಪೈಪನ್ನು ಮಡಿಲಲ್ಲಿಟ್ಟುಕೊಂಡು.

ಅಂಗಡಿಯಲ್ಲಿ ಮುದೀರ್ ಇದ್ದರು, ಗಿರಾಕಿಗಳಿದ್ದರು. ಒಳ್ಳೆಯದೇ ಆಯಿತು, ಸಭಿಕರಿಲ್ಲದೆ ನನಗೆ ಮಾತು ಬಾರದು.

"ಇವನ ತಪ್ಪಲ್ಲ," ಎಂದೆ. "ಸೀಟ್ ಪೈಪಿಗೆ ತೆಂಗಿನೆಣ್ಣೆ ಹಾಕಿದ್ದು ನಾನು."

ಇಷ್ಟು ಚಿಕ್ಕ ಭಾಷಣವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ಮುದೀರ್ ಒಮ್ಮೆ ಪೈಪನ್ನು ಮೂಸಿ, ಒಮ್ಮೆ ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆರ್ನೆಲ್ ನಗಲಿಲ್ಲ. ಎದ್ದು ಬಂದು ಪೈಪನ್ನು ಬೆಳಕಿಗೆ ಹಿಡಿದ.

"ಯಾಕೆ ಸರ್?"

"ನಮ್ಮ ಊರಿನಲ್ಲಿ ಎಲ್ಲದಕ್ಕೂ ಹಾಕುತ್ತೇವೆ."

"ನಮ್ಮ ಊರಿನಲ್ಲೂ ತೆಂಗು ಬೇಕಾದಷ್ಟಿದೆ ಸರ್," ಎಂದ ಆರ್ನೆಲ್. "ನಾವು ತಲೆಗೆ ಹಾಕುತ್ತೇವೆ."

ಮುದೀರ್ ಕಣ್ಣೊರೆಸಿಕೊಂಡು, "ಯಲ್ಲಾ ಆರ್ನೆಲ್, ನಿನ್ನ ಜಾಗಕ್ಕೆ ಹೋಗು" ಎಂದು ಒಳಗೆ ಕೈ ತೋರಿಸಿದರು. ನಾನು ಅಲ್ಲೇ ಬಿಡಲಿಲ್ಲ, ಕಾಂಟ್ರ್ಯಾಕ್ಟಿನ ಮಾತೆತ್ತಿದೆ. "ಇಂಥ ಗಿರಾಕಿಗಳು ಇರುವವರೆಗೆ ನನಗೆ ಒಳ್ಳೆಯ ಮೆಕ್ಯಾನಿಕ್ ಬೇಕೇ ಬೇಕು, ಸದೀಕ್. ಅವನು ಎಲ್ಲಿಗೂ ಹೋಗುವುದಿಲ್ಲ" ಎಂದರು ಮುದೀರ್. ಸದೀಕ್ ಅಂದರೆ ಸ್ನೇಹಿತ.

ಆರ್ನೆಲ್ ಪೈಪನ್ನು ಸ್ಪಿರಿಟ್ಟಿನಲ್ಲಿ ಎರಡು ಸಲ ತೊಳೆದ, ಫ್ರೇಮಿನ ಒಳಗನ್ನು ನಾಳೆ ತೊಳೆಯುತ್ತೇನೆ, ಸೈಕಲ್ಲು ತನ್ನಿ ಎಂದ. ಮರುದಿನ ಒಯ್ದೆ. ಒಳಗೆಲ್ಲ ಒರೆಸಿ, ಪೇಸ್ಟು ಸವರಿ, ಎತ್ತರ ಅಳೆದು, ಸ್ಪ್ಯಾನರು ತಿರುಗಿಸಿದ. ಟಕ್. ಕಣ್ಣು ಮುಚ್ಚಿ ತೆರೆದ. ಆಮೇಲೆ ಡ್ರಾಯರಿನಿಂದ ಹಳದಿ ಟೇಪು ತೆಗೆದು, ಪೈಪು ಫ್ರೇಮಿನೊಳಗೆ ಹೋಗುವ ಅಂಚಿಗೆ ಸರಿಯಾಗಿ ಒಂದು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿದ. ಇನ್ನು ಸೀಟು ಇಳಿದರೆ ಟೇಪು ಸುಕ್ಕಾಗುತ್ತದೆ.

"ಆಧಾರ, ಸರ್," ಎಂದ.

ವಾಟ್ಸ್ಯಾಪ್ ಗುಂಪಿನಲ್ಲಿ ಒಂದೇ ಸಾಲು ಬರೆದೆ: ಆರೂ ಅಂಶಗಳು ತಪ್ಪು, ಎಣ್ಣೆ ಹಾಕಿದವನು ನಾನೇ. ಹದಿನಾಲ್ಕು ಹೆಬ್ಬೆರಳು ಕೊಟ್ಟಿದ್ದವರು ಈಗ ನಲವತ್ತು ಬಗೆಯ ನಗುಮುಖ ಕಳಿಸಿದರು. ಒಬ್ಬರು ನನ್ನ ಹೆಸರಿನ ಮುಂದೆ ಒಂದು ತೆಂಗಿನಮರವನ್ನೂ ನೆಟ್ಟರು.

ಮುಂದಿನ ಶುಕ್ರವಾರ ಒಂಬತ್ತು ದಾಟಿತು, ಹತ್ತು ದಾಟಿತು, ಟೇಪು ಒಂದು ಸುಕ್ಕೂ ಬೀಳದೆ ಇತ್ತು. ಸವಾರಿ ಮುಗಿಸಿ ವಿಲ್ಲಿ ಅಂಕಲ್ ನಮ್ಮ ಮನೆಗೇ ಊಟಕ್ಕೆ ಬಂದರು. ಜುಮಾ ನಮಾಜು ಮುಗಿಸಿ ಬಂದ ಕಾಕ ಅಂಜಲ್ ಮೀನು ಹುರಿಯುತ್ತಿದ್ದರು. ನಾನು ತಟ್ಟೆ ಇಡುತ್ತಿದ್ದೆ. ಭಯಪಟ್ಟಂತೆಯೇ ಆಯಿತು.

"ಹಮೀದಣ್ಣ, ನಿಮ್ಮ ಪೊರ್ಬು ಮಾಡಿದ ಕೆಲ್ಸ ಗೊತ್ತುಂಟಾ?" ವಿಲ್ಲಿ ಅಂಕಲ್ ಕುರ್ಚಿ ಎಳೆದುಕೊಂಡರು. "ಕಾರ್ಬನ್ ಸೈಕಲ್ಲಿನ ಸೀಟ್ ಪೈಪಿಗೆ ತೆಂಗಿನೆಣ್ಣೆ ಹಾಕಿದ್ದಾನೆ ಇವ. ಅದು ಬಿಸಿಲಿಗೆ ಕರಗಿ ಸೀಟು ಇಳಿಯೋದು. ಬೈದದ್ದು ಪಾಪದ ಮೆಕ್ಯಾನಿಕ್ಕಿಗೆ. ಮತ್ತೆ ಇವನೇ ಹೋಗಿ ಎಲ್ಲರ ಎದ್ರು ಒಪ್ಪಿಕೊಂಡಿದ್ದಾನೆ."

ಕಾಕನ ಕೈಯಲ್ಲಿದ್ದ ಸಟ್ಟುಗ ಕಾವಲಿಯ ಮೇಲೆ ನಿಂತಿತು. ಅವರು ತಿರುಗಿ ನನ್ನನ್ನು ನೋಡಿದರು. ನಾನು ನೀರಿನ ಲೋಟಗಳನ್ನು ಸಾಲಾಗಿ ಜೋಡಿಸಿದೆ. ಅವು ಆಗಲೇ ಸಾಲಾಗಿಯೇ ಇದ್ದವು.

"ಹೌದಾ?" ಎಂದರು ಕಾಕ. ಮೀನನ್ನು ಮಗುಚಿ ಹಾಕಿದರು. "ಕಾರ್ಬನ್ನಿಗೆ ಯಾರಾದ್ರೂ ತೆಂಗಿನೆಣ್ಣೆ ಹಾಕ್ತಾರಾ ಮೋನೆ? ಓದಿದವನಲ್ವಾ ನೀನು. ಐದು ವರ್ಷ ಶಾಪಲ್ಲಿದ್ದವ ನಾನು, ಮನೆಯಲ್ಲೇ ಇದ್ದೇನೆ. ಒಂದು ಮಾತು ಕೇಳ್ಬಾರ್ದಾ?"

ನನ್ನ ಬಳಿ ಉತ್ತರವಿತ್ತು. ನಾಲ್ಕು ಅಂಶಗಳಲ್ಲಿ, ಚೂಪಾದದ್ದು ಕೊನೆಗೆ.

"ತಪ್ಪಾಯ್ತು ಕಾಕ," ಎಂದೆ.

ಅವರು ಕಾವಲಿಯಿಂದ ಅತ್ಯಂತ ದೊಡ್ಡ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು. ಒಂದು ಕ್ಷಣ ಯೋಚಿಸಿ, ತಮಗೆಂದು ಬೇರೆ ಇಟ್ಟುಕೊಂಡಿದ್ದ ತುಂಡನ್ನೂ ಅದರ ಪಕ್ಕಕ್ಕೆ ತಂದಿಟ್ಟರು.